ರೈಫಲ್ ಸ್ಕೋಪ್ ಖರೀದಿ ಹಾಗೂ ಸಾಗಣೆ: ಆಯುಧ ಪರವಾನಗಿದಾರರಿಗೆ ಮಾಹಿತಿ
(ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳು)

ದೂರದ ಗುರಿಯನ್ನು ಹತ್ತಿರಕ್ಕೆ ಕಾಣಿಸುವ ಮಸೂರದ ಉಪಕರಣವೇ ಸ್ಕೋಪ್. ಇದನ್ನು ಖರೀದಿಸಿದ ಮಾತ್ರಕ್ಕೆ ಪರವಾನಗಿದಾರರಿಗೆ ಯಾವುದೇ ಹೊಸ ಹಕ್ಕು ದೊರೆಯುವುದಿಲ್ಲ. ಯಾವ ಆಯುಧ, ಯಾವ ಉದ್ದೇಶ, ಎಷ್ಟು ಪ್ರದೇಶ ಎಂಬುದನ್ನು ಪರವಾನಗಿ ಪುಸ್ತಕವೇ ನಿರ್ಧರಿಸುತ್ತದೆ.

ಖರೀದಿ
ಆಯುಧ ಅಧಿನಿಯಮ, 1959ರ ಪ್ರಕಾರ ಬಂದೂಕಿನ ಬಿಡಿಭಾಗಗಳು ಹಾಗೂ ಗುಂಡು ಹಾರುವಾಗಿನ ಸದ್ದು ಅಥವಾ ಬೆಳಕನ್ನು ತಗ್ಗಿಸುವ ಸಾಧನಗಳು ಸಹ 'ಬಂದೂಕು' ಎಂಬ ವ್ಯಾಖ್ಯೆಗೆ ಒಳಪಡುತ್ತವೆ. ಈ ವ್ಯಾಖ್ಯೆಯಲ್ಲಿ ಸ್ಕೋಪಿನ ಹೆಸರಿಲ್ಲ. ಆದಾಗ್ಯೂ ಸದ್ದಡಗಿಸುವ ಸಾಧನವನ್ನು ಸ್ಕೋಪಿನೊಂದಿಗೆ ಒಂದೇ ಕಟ್ಟಿನಲ್ಲಿ ತರಿಸಿಕೊಂಡಲ್ಲಿ ಅಪರಾಧವಾಗುತ್ತದೆ. ಪರವಾನಗಿ ಪಡೆದ ಆಯುಧ ವ್ಯಾಪಾರಿಯಿಂದಲೇ ಖರೀದಿಸಿ ರಸೀದಿಯನ್ನು ಕಾಯ್ದಿರಿಸಿಕೊಳ್ಳತಕ್ಕದ್ದು. ರಾತ್ರಿ ನೋಟದ ಅಥವಾ ಲೇಸರ್ ಉಪಕರಣಗಳಾದಲ್ಲಿ ಹಣ ಪಾವತಿಸುವ ಮುನ್ನವೇ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು.

ರೈಫಲ್ ಇಲ್ಲದವರು ಮೊದಲು ಜಿಲ್ಲಾ ದಂಡಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. ಅರ್ಜಿಯ ಮೇಲೆ ಪೊಲೀಸ್ ವರದಿ ಪಡೆಯಲಾಗುತ್ತದೆ. 2019ರ ತಿದ್ದುಪಡಿಯಂತೆ ಸಾಮಾನ್ಯವಾಗಿ ಒಬ್ಬರು 2 ಬಂದೂಕುಗಳನ್ನು ಮಾತ್ರ ಹೊಂದಬಹುದಾಗಿದ್ದು, ಪರವಾನಗಿಯ ಅವಧಿ 5 ವರ್ಷ. ಪರವಾನಗಿ ಇಲ್ಲದೆ ಬಂದೂಕು ಹೊಂದಿದಲ್ಲಿ 2ರಿಂದ 5 ವರ್ಷಗಳ ಕಾರಾವಾಸ ಹಾಗೂ ದಂಡವಿದೆ.

ಸಾಗಣೆ
ಪರವಾನಗಿಯಲ್ಲಿ ನಮೂದಾದ ಪ್ರದೇಶದ ಹೊರಗೆ ರೈಫಲ್ ಒಯ್ಯುವಂತಿಲ್ಲ. ತಿಕೋಟಾ ತಾಲ್ಲೂಕಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಜತ್ತ ತಾಲ್ಲೂಕು ನೆರೆಯಲ್ಲೇ ಇದ್ದು, ಸಂತೆಗೆ, ಬೀಗರ ಊರಿಗೆ ದಿನವೂ ಹೋಗಿಬರುವ ದಾರಿಯಾದರೂ ಅದು ಮಹಾರಾಷ್ಟ್ರ ರಾಜ್ಯ. ಕರ್ನಾಟಕಕ್ಕೆ ಮಾತ್ರ ಸೀಮಿತವಾದ ಪರವಾನಗಿಯುಳ್ಳವರು ಗಡಿ ದಾಟಿದಲ್ಲಿ ಷರತ್ತು ಉಲ್ಲಂಘಿಸಿದಂತಾಗುತ್ತದೆ. ಪ್ರದೇಶ ವಿಸ್ತರಣೆ ಬೇಕಾದವರು ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು. ಗುಂಡು ತೆಗೆದ ರೈಫಲನ್ನು ಪೂರ್ಣ ಮುಚ್ಚಿದ ಚೀಲದಲ್ಲಿ ಒಯ್ಯುವುದು. ಮೂಲ ಪರವಾನಗಿ ಜೊತೆಯಲ್ಲಿರಲಿ. ಪೊಲೀಸ್ ಅಧಿಕಾರಿಗಳು ಕೇಳಿದಾಗ ಹಾಜರುಪಡಿಸಬೇಕು.

ಚುನಾವಣೆಯ ಕಾಲದಲ್ಲಿ ಆದೇಶದಂತೆ ಆಯುಧ ಠೇವಣಿ ಇಡುವಾಗ ಸ್ಕೋಪನ್ನೂ ರಸೀದಿಯಲ್ಲಿ ಬರೆಯಿಸಿಕೊಳ್ಳುವುದು ಲೇಸು. ಬರೆಯಿಸದಿದ್ದಲ್ಲಿ ಮರಳಿ ಪಡೆಯುವಾಗ ವಾದಕ್ಕೆ ಎಡೆಯಾಗುತ್ತದೆ.

ಬೆಳೆ ರಕ್ಷಣೆ
ತೊಗರಿ, ಕಡಲೆ ಹೊಲಗಳಿಗೆ ಚಿಗರಿ ಹಿಂಡು ನುಗ್ಗಿದಾಗ ರೈತರಿಗಾಗುವ ನಷ್ಟ ಸಣ್ಣದಲ್ಲ. ಆದರೆ ಚಿಗರಿ, ಅಂದರೆ ಕೃಷ್ಣಮೃಗವು, ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 1ನೇ ಅನುಸೂಚಿಯಲ್ಲಿದೆ. ಅದರ ಬೇಟೆಗೆ 3ರಿಂದ 7 ವರ್ಷಗಳ ಕಾರಾವಾಸವಿದ್ದು, 2022ರ ತಿದ್ದುಪಡಿಯ ನಂತರ ದಂಡವು ರೂ. 25,000ಕ್ಕೆ ಕಡಿಮೆಯಿಲ್ಲ. ಬೆಳೆ ರಕ್ಷಣೆಗಾಗಿ ನೀಡಿದ ಆಯುಧ ಪರವಾನಗಿಯು ಬೇಟೆಯ ಅನುಮತಿಯಲ್ಲ. ಬೆಳೆ ಹಾನಿಯಾದವರು ವಲಯ ಅರಣ್ಯಾಧಿಕಾರಿಗಳಿಗೆ ಪರಿಹಾರದ ಅರ್ಜಿ ಸಲ್ಲಿಸಬಹುದು.

ಆಯುಧ ಪರವಾನಗಿ ನಿರಾಕರಿಸಲ್ಪಟ್ಟಲ್ಲಿ ಕಾರಣಗಳ ಲಿಖಿತ ವಿವರಣೆ ಕೋರಿ ಪಡೆದು, 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದಾಗಿದೆ.