ಬೀಗದೊಳಗಿನ ಹುಸಿ ಕಚ್ಚು

ಬೀಗದ ಕೈಯಿಲ್ಲದೆ ಬೀಗವನ್ನು ತೆರೆಯುವವನನ್ನು ಲೋಕವು ಕಳ್ಳನೆಂದೇ ಬಗೆಯುತ್ತದೆ. ಆದರೆ ಬೀಗಗಳು ಬಲಗೊಂಡುದರಲ್ಲಿ, ಕದಿಯುವ ಉದ್ದೇಶವಿಲ್ಲದೆ ಅವನ್ನು ತೆರೆದು ತೋರಿಸಿದವರ ಪಾಲು ಅಲ್ಪವಲ್ಲ.

ಜೋಸೆಫ್ ಬ್ರಾಮಾ ಎಂಬ ಆಂಗ್ಲ ಯಂತ್ರಶಿಲ್ಪಿಯು 1784ರಲ್ಲಿ ಹೊಸ ಬಗೆಯ ಬೀಗವೊಂದಕ್ಕೆ ಪೇಟೆಂಟು ಪಡೆದನು. ಲಂಡನ್ನಿನ ಪಿಕಡಿಲಿಯಲ್ಲಿದ್ದ ಅವರ ಅಂಗಡಿಯ ಕಿಟಕಿಯಲ್ಲಿ ಅಂತಹ ಬೀಗವೊಂದು, ತೆರೆದವರಿಗೆ 200 ಗಿನಿಗಳೆಂಬ ಪಂಥದೊಡನೆ, ಸುಮಾರು ಅರ್ಧ ಶತಮಾನ ಅಜೇಯವಾಗಿ ನಿಂತಿದ್ದಿತು. ಅದರೊಳಗೆ 18 ಜಾರುಪಟ್ಟಿಗಳು. ಪ್ರತಿಯೊಂದರಲ್ಲಿಯೂ ಒಂದು ಕಚ್ಚು. ಕಚ್ಚುಗಳೆಲ್ಲವೂ ಒಂದೇ ಮಟ್ಟಕ್ಕೆ ಬಂದಲ್ಲದೆ ನಡುವಣ ಉರುಳೆ ತಿರುಗದು. ಉರುಳೆಯನ್ನು ಮೆಲ್ಲನೆ ತಿರುಚಿ ಹಿಡಿದರೆ ಯಾವುದೋ ಒಂದು ಪಟ್ಟಿ ಬಿಗಿದುಕೊಳ್ಳುತ್ತದೆ. ಅದನ್ನು ಸಡಿಲವಾಗುವವರೆಗೆ ಒತ್ತಿ, ಮುಂದಿನದನ್ನು ಹುಡುಕುವುದೇ ತೆರೆಯುವವನ ಉಪಾಯ. ಇದನ್ನರಿತ ರಸೆಲ್ ಎಂಬ ಅಲ್ಲಿಯ ಕೆಲಸಗಾರನು 1817ರಲ್ಲಿ ಆಳವಿಲ್ಲದ ಹುಸಿ ಕಚ್ಚುಗಳನ್ನು ಕೊರೆಯುವ ಯುಕ್ತಿಯನ್ನು ತಂದನು. ಪಟ್ಟಿಯು ಹುಸಿ ಕಚ್ಚಿನಲ್ಲಿ ನಿಂತರೆ, ಕೆಲಸವಾಯಿತೆಂದು ಕೈ ನಂಬುತ್ತದೆ. ಇದಕ್ಕಿಂತ ಜಾಣತನದ ಮೋಸವನ್ನು ಲೋಹದಲ್ಲಿ ಕೆತ್ತಿದವರು ವಿರಳ!

1851ರ ಮಹಾ ಪ್ರದರ್ಶನಕ್ಕೆಂದು ಲಂಡನ್ನಿಗೆ ಬಂದ ಅಮೆರಿಕದ ಆಲ್ಫ್ರೆಡ್ ಹಾಬ್ಸನು ಪ್ರಖ್ಯಾತವಾದ ಚಬ್ ಬೀಗವನ್ನು 25 ನಿಮಿಷಗಳಲ್ಲಿ ತೆರೆದನು. ಬಳಿಕ ಬ್ರಾಮಾ ಬೀಗಕ್ಕೆ ಕೈಯಿಟ್ಟು, 16 ದಿನಗಳಲ್ಲಿ ಒಟ್ಟು 51 ಗಂಟೆ ದುಡಿದು ಅದನ್ನೂ ಗೆದ್ದನು. ಅಂಗಡಿಯವರು ಆಕ್ಷೇಪಿಸಿದರೂ ತೀರ್ಪುಗಾರರು ಪಣವನ್ನು ಅವನಿಗೇ ಸಲ್ಲಿಸಿದರು. ಇಂತಹ ಗುಟ್ಟನ್ನು ಹೊರಗೆಡಹಿದರೆ ಕಳ್ಳರಿಗೆ ಪಾಠ ಹೇಳಿದಂತಾಗದೆ, ಎಂಬ ಕೂಗು ಎದ್ದಿತು. ಕಳ್ಳರು ಇದನ್ನೆಲ್ಲ ಮೊದಲೇ ಬಲ್ಲರು, ತಿಳಿಯದವನು ಬೀಗ ಕೊಳ್ಳುವ ಸಜ್ಜನನೇ, ಎಂಬ ಅಭಿಪ್ರಾಯವು 1853ರಲ್ಲಿ ಹಾಬ್ಸನ ಹೆಸರಿನಲ್ಲಿ ಹೊರಬಂದ ಗ್ರಂಥದಲ್ಲಿದೆ. ನನಗೂ ಈ ವಾದವೇ ಸರಿಯೆನಿಸುತ್ತದೆ. ಹಾಬ್ಸನು ಹೊತ್ತು ಮಾರುತ್ತಿದ್ದ ಅಮೆರಿಕದ ಬೀಗವನ್ನು ಕೆಲವೇ ವರ್ಷಗಳಲ್ಲಿ ಕಿರಿಯ ಲೈನಸ್ ಯೇಲ್ ತೆರೆದುಬಿಟ್ಟನೆಂಬುದು ಬೇರೆ ಮಾತು.

ಇಂದು ನಮ್ಮ ಬಾಗಿಲುಗಳಲ್ಲಿರುವ ಪಿನ್ನಿನ ಬೀಗವು ಈ ಯೇಲನ 1861 ಮತ್ತು 1865ರ ಪೇಟೆಂಟುಗಳಿಂದ ರೂಪುಗೊಂಡುದು. ರಸೆಲನ ಮೋಸವು ಇದರಲ್ಲಿಯೂ ಉಳಿದಿದೆ: ಕೆಲವು ಪಿನ್ನುಗಳ ನಡುವನ್ನು ಡಮರುವಿನಂತೆ ತೆಳುವಾಗಿಸಿರುತ್ತಾರೆ. ಉರುಳೆ ಎಳ್ಳಷ್ಟು ತಿರುಗಿ, ತೆರೆದೇಹೋಯಿತೆಂಬ ಭ್ರಮೆ ಹುಟ್ಟಿಸಿ, ಅಲ್ಲಿಯೇ ನಿಂತುಬಿಡುತ್ತದೆ. ಆಗ ಬಲ ಹಾಕಿದಷ್ಟೂ ಪಿನ್ನು ಕಚ್ಚಿಕೊಳ್ಳುವುದರಿಂದ, ಹಿಡಿತವನ್ನು ತುಸು ಸಡಿಲಿಸಿ ಉರುಳೆಯನ್ನು ಹಿಂದಕ್ಕೆ ಬಿಡಬೇಕು. ಹಾಗೆ ಬಿಡುವಾಗ ಈ ಮೊದಲು ಗೆದ್ದ ಪಿನ್ನುಗಳು ಬಿದ್ದುಹೋಗಲೂಬಹುದು. 1997ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಸಂಘ ಕಟ್ಟಿದವರೂ, ಅವರಂತೆ ಈ ಹವ್ಯಾಸಕ್ಕೆ ಮನಸೋತ ಇತರರೂ ಗಂಟೆಗಟ್ಟಲೆ ಕುಳಿತು ಸಾಧಿಸುವುದು ಇದನ್ನೇ. ತನ್ನದಲ್ಲದ ಬೀಗವನ್ನು ಒಪ್ಪಿಗೆಯಿಲ್ಲದೆ ಮುಟ್ಟಬಾರದು, ಬಳಕೆಯಲ್ಲಿರುವ ಬಾಗಿಲಿನ ಬೀಗದ ಮೇಲೆ ಕೈಚಳಕ ತೋರಬಾರದು, ಎಂಬ ಕಟ್ಟಳೆಯನ್ನು ಈ ಹವ್ಯಾಸಿಗಳು ತಾವೇ ವಿಧಿಸಿಕೊಂಡಿದ್ದಾರೆ.