ವೈರ್‌ಲೆಸ್ ಸಂಪರ್ಕ ಸೇವೆಯ ಆರಂಭದೋಷ

ಲ್ಯಾಪ್‌ಟಾಪಿನ ವೈ-ಫೈ ಯಂತ್ರಾಂಶ ಸುಸ್ಥಿತಿಯಲ್ಲಿದ್ದರೂ ಅದನ್ನು ನಡೆಸುವ ತಂತ್ರಾಂಶ ಚಾಲನೆಗೊಳ್ಳದೆ ಅಂತರಜಾಲ ಸಂಪರ್ಕ ದೊರೆಯದಿರುವ ಸ್ಥಿತಿಯನ್ನು ವೈರ್‌ಲೆಸ್ ಸಂಪರ್ಕ ಸೇವೆಯ ಆರಂಭದೋಷ ಎನ್ನಬಹುದು. ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಈ ಸೇವೆಯ ಹೆಸರು 'ಡಬ್ಲ್ಯುಲ್ಯಾನ್ ಆಟೋಕಾನ್ಫಿಗ್'. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಇದೇ ಕೆಲಸವನ್ನು 'ವೈರ್‌ಲೆಸ್ ಝೀರೋ ಕಾನ್ಫಿಗರೇಶನ್' ಮಾಡುತ್ತಿತ್ತು. ವಿಂಡೋಸ್ ವಿಸ್ಟಾದಿಂದ ಈಗಿನ ಹೆಸರು ಬಂದಿತು. ಸುತ್ತಲಿನ ಜಾಲಗಳನ್ನು ಹುಡುಕುವುದು, ಹಿಂದೆ ಬಳಸಿದ ಜಾಲದ ಗುಪ್ತಪದವನ್ನು ಕಾಯ್ದಿಡುವುದು ಮತ್ತು ಸಂಪರ್ಕ ಕಲ್ಪಿಸುವುದು ಇದರ ಕಾರ್ಯ.

ಹಿನ್ನೆಲೆ

ಕರ್ನಾಟಕದ ಪದವಿ ವಿದ್ಯಾರ್ಥಿಗಳು ಪ್ರವೇಶ ಹಾಗೂ ಪರೀಕ್ಷೆಗೆ ಸಂಬಂಧಿಸಿದ ಅರ್ಜಿಗಳನ್ನು ಯುಯುಸಿಎಂಎಸ್ ಜಾಲತಾಣದಲ್ಲಿ ಸಲ್ಲಿಸುತ್ತಾರೆ. ಕೊನೆಯ ದಿನ ಈ ದೋಷ ಕಾಣಿಸಿಕೊಂಡರೆ ಅದು ಸಣ್ಣ ತೊಂದರೆಯಾಗಿ ಉಳಿಯುವುದಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ತಾಲ್ಲೂಕುಗಳ ಹಳ್ಳಿಗಳಿಂದ ಲ್ಯಾಪ್‌ಟಾಪನ್ನು ದುರಸ್ತಿಗಾಗಿ ದಾವಣಗೆರೆಗೋ ಶಿವಮೊಗ್ಗಕ್ಕೋ ಒಯ್ಯುವುದೆಂದರೆ ಒಂದು ದಿನದ ಕೆಲಸ. ದೋಷವನ್ನು ಗುರುತಿಸದೆ ಇಡೀ ಗಣಕವನ್ನು ಫಾರ್ಮ್ಯಾಟ್ ಮಾಡಿದರೆ ಡೆಸ್ಕ್‌ಟಾಪಿನಲ್ಲಿದ್ದ ಟಿಪ್ಪಣಿ, ಪ್ರಬಂಧಗಳೂ ಅಳಿಸಿಹೋಗುತ್ತವೆ. ಕಡತಗಳನ್ನು ಉಳಿಸಿಕೊಂಡು 'ರೀಸೆಟ್' ಮಾಡಿದರೂ ನುಡಿ, ಬರಹದಂತಹ ತಂತ್ರಾಂಶಗಳನ್ನು ಮತ್ತೆ ಸ್ಥಾಪಿಸಬೇಕು. ಈ ದೋಷಕ್ಕೆ ಅಷ್ಟು ದೂರ ಹೋಗುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ತುರ್ತು ಇದ್ದಾಗ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಆಯ್ದುಕೊಳ್ಳಬಹುದು. ವಿಂಡೋಸ್ ಇದನ್ನು ತಂತಿ ಸಂಪರ್ಕವೆಂದೇ ಪರಿಗಣಿಸುವುದರಿಂದ ವೈ-ಫೈ ಸೇವೆ ನಿಂತಿದ್ದರೂ ಅರ್ಜಿ ಸಲ್ಲಿಸಬಹುದು. ಮೊಬೈಲಿನ ಹಾಟ್‌ಸ್ಪಾಟ್ ಮಾತ್ರ ಇಲ್ಲಿ ನೆರವಾಗದು, ಏಕೆಂದರೆ ಅದಕ್ಕೂ ಲ್ಯಾಪ್‌ಟಾಪಿನ ವೈ-ಫೈಯೇ ಬೇಕು.

ಗುರುತಿಸುವಿಕೆ

ಮೊದಲು 'ಡಿವೈಸ್ ಮ್ಯಾನೇಜರ್'ನಲ್ಲಿ ವೈರ್‌ಲೆಸ್ ಅಡಾಪ್ಟರಿನ ಹೆಸರು ಇದೆಯೇ ಎಂದು ನೋಡಬೇಕು. ಹೆಸರೇ ಇಲ್ಲದಿದ್ದರೆ ದೋಷ ಚಾಲಕ ತಂತ್ರಾಂಶದ್ದು ಅಥವಾ ಯಂತ್ರಾಂಶದ್ದು. ಹೆಸರಿದ್ದೂ ಜಾಲಗಳ ಪಟ್ಟಿ ಬರಿದಾಗಿದ್ದರೆ, ಏರೋಪ್ಲೇನ್ ಮೋಡ್ ಚಾಲೂ ಆಗಿಲ್ಲವೆಂದು ಖಚಿತಪಡಿಸಿಕೊಂಡು, ಶೋಧ ಪಟ್ಟಿಯಲ್ಲಿ 'ಸರ್ವೀಸಸ್' ಎಂದು ಹುಡುಕಿ ತೆರೆದು, ಡಬ್ಲ್ಯುಲ್ಯಾನ್ ಆಟೋಕಾನ್ಫಿಗ್ ಚಾಲನೆಯಲ್ಲಿದೆಯೇ ಎಂದು ಪರಿಶೀಲಿಸಬೇಕು. ನಿಂತಿದ್ದರೆ 'ಸ್ಟಾರ್ಟ್' ಒತ್ತಿದಾಗ ಅದು ಆರಂಭವಾಗುತ್ತದೆ, ಇಲ್ಲವೇ ಒಂದು ದೋಷಸಂಖ್ಯೆ ಕಾಣಿಸುತ್ತದೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಅಗತ್ಯ. ಮುಂದಿನ ದಾರಿಯನ್ನು ಅದೇ ತೋರಿಸುತ್ತದೆ.

ದೋಷಸಂಖ್ಯೆಗಳು ಮತ್ತು ಪರಿಹಾರ

1058 ಬಂದರೆ ಸೇವೆಯನ್ನು ಯಾರೋ ನಿಷ್ಕ್ರಿಯಗೊಳಿಸಿದ್ದಾರೆ ಎಂದರ್ಥ. ಗಣಕದ 'ವೇಗ ಹೆಚ್ಚಿಸುವ' ತಂತ್ರಾಂಶಗಳು ಬಳಕೆದಾರರಿಗೆ ತಿಳಿಯದಂತೆ ಹೀಗೆ ಮಾಡುವುದುಂಟು. ಸೇವೆಯ ಗುಣವಿವರದಲ್ಲಿ ಆರಂಭದ ಬಗೆಯನ್ನು 'ಆಟೋಮ್ಯಾಟಿಕ್'ಗೆ ಬದಲಿಸಬೇಕು. 1084 ಬಂದರೆ ಗಣಕ ಸೇಫ್ ಮೋಡ್‌ನಲ್ಲಿದೆ. ಸಾಮಾನ್ಯ ರೀತಿಯಲ್ಲಿ ಮರುಚಾಲನೆ ಮಾಡಿದರೆ ಸಾಕು.

ಹೆಚ್ಚು ಗೊಂದಲ ಹುಟ್ಟಿಸುವುದು 1068. ಈ ಸೇವೆ ಅವಲಂಬಿಸಿರುವ ಮತ್ತೊಂದು ಸೇವೆ ಆರಂಭವಾಗಿಲ್ಲ ಎಂಬುದು ಅದರ ಅರ್ಥ. ಆಗ ಡಬ್ಲ್ಯುಲ್ಯಾನ್ ಆಟೋಕಾನ್ಫಿಗನ್ನೇ ಮತ್ತೆ ಮತ್ತೆ ಒತ್ತಿ ಪ್ರಯೋಜನವಿಲ್ಲ. ಗುಣವಿವರದ 'ಡಿಪೆಂಡೆನ್ಸೀಸ್' ಪುಟದಲ್ಲಿ ಅವಲಂಬನೆಯ ಪಟ್ಟಿ ಇರುತ್ತದೆ. ವಿಂಡೋಸ್ 7ರ ಪಟ್ಟಿಯಲ್ಲಿ 'ಎಕ್ಸ್‌ಟೆನ್ಸಿಬಲ್ ಅಥೆಂಟಿಕೇಶನ್ ಪ್ರೋಟೋಕಾಲ್' ಇದ್ದರೆ, ವಿಂಡೋಸ್ 10ರಲ್ಲಿ 'ವಿಂಡೋಸ್ ಕನೆಕ್ಷನ್ ಮ್ಯಾನೇಜರ್' ಇದೆ. ವಿಂಡೋಸ್ 10ರ ಕೆಲವು ಆವೃತ್ತಿಗಳಲ್ಲಿ ಈ ಕನೆಕ್ಷನ್ ಮ್ಯಾನೇಜರ್ ತಾನೇ 'ವಿನ್‌ಎಚ್‌ಟಿಟಿಪಿ ವೆಬ್ ಪ್ರಾಕ್ಸಿ ಆಟೋ-ಡಿಸ್ಕವರಿ' ಎಂಬ ಸೇವೆಯನ್ನು ಆಧರಿಸಿರುತ್ತದೆ. ಸುರಕ್ಷತೆಯ ದೃಷ್ಟಿಯಿಂದಲೋ, ಅನಗತ್ಯವೆಂದು ತಿಳಿದೋ ಆ ಸೇವೆಯನ್ನು ನಿಲ್ಲಿಸಿದವರಿಗೆ ಮುಂದಿನ ಬಾರಿ ಗಣಕ ಚಾಲೂ ಮಾಡಿದಾಗ ವೈ-ಫೈ ಸಿಗದೆ ಹೋಗಬಹುದು. ಎರಡಕ್ಕೂ ನಡುವಿನ ನಂಟು ಮೇಲ್ನೋಟಕ್ಕೆ ಕಾಣುವಂತಹದಲ್ಲ. ಆದ್ದರಿಂದ ಸರಪಳಿಯ ಕೆಳತುದಿಯ ಸೇವೆಯಿಂದ ಮೊದಲ್ಗೊಂಡು, ನಿಷ್ಕ್ರಿಯವಾಗಿರುವುದನ್ನು ಸರಿಪಡಿಸುತ್ತ ಮೇಲಕ್ಕೆ ಬರಬೇಕು.

1747 ಕಾಣಿಸಿದರೆ ಜಾಲಸಂಪರ್ಕದ ಆಂತರಿಕ ದಾಖಲೆ ಕೆಟ್ಟಿರುತ್ತದೆ. ನಿರ್ವಾಹಕನ ಅಧಿಕಾರದೊಂದಿಗೆ ಕಮಾಂಡ್ ಪ್ರಾಂಪ್ಟ್ ತೆರೆದು 'ನೆಟ್‌ಶ್ ವಿನ್‌ಸಾಕ್ ರೀಸೆಟ್' ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನೀಡಿ, ಗಣಕವನ್ನು ಮರುಚಾಲನೆ ಮಾಡುವುದು ಇದಕ್ಕೆ ರೂಢಿಯ ಪರಿಹಾರ. ವ್ಯವಸ್ಥೆಯ ಕಡತಗಳೇ ಹಾಳಾಗಿವೆಯೆಂಬ ಸಂಶಯವಿದ್ದರೆ 'ಎಸ್‌ಎಫ್‌ಸಿ' ಎಂಬ ಕಡತ ಪರೀಕ್ಷಕವನ್ನು ಅಲ್ಲಿಂದಲೇ ನಡೆಸಬಹುದು. ಇದಾವುದೂ ಬಳಕೆದಾರರ ಸ್ವಂತ ಕಡತಗಳನ್ನು ಅಳಿಸುವುದಿಲ್ಲ.

ಲಿನಕ್ಸ್‌ನಲ್ಲಿ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಳಕೆಯಲ್ಲಿರುವ ಕೈಟ್ ಗ್ನು/ಲಿನಕ್ಸ್ ಉಬುಂಟುವನ್ನು ಆಧರಿಸಿದ್ದು. ಉಬುಂಟುವಿನ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಈ ಹೊಣೆ 'ನೆಟ್‌ವರ್ಕ್ ಮ್ಯಾನೇಜರ್' ಎಂಬ ಸೇವೆಯದು. ಅದನ್ನು ಟರ್ಮಿನಲ್ ಮೂಲಕ ಮರುಚಾಲನೆ ಮಾಡಬಹುದು. ಸೇವೆ ನಡೆಯುತ್ತಿದ್ದೂ ಜಾಲಗಳು ಕಾಣದಿದ್ದರೆ 'ಆರ್‌ಎಫ್‌ಕಿಲ್' ಆದೇಶದಿಂದ ರೇಡಿಯೋ ಮುಚ್ಚಿದೆಯೇ ಎಂಬುದನ್ನು ತಿಳಿಯಬಹುದು. ತಂತ್ರಾಂಶದಿಂದ ಮುಚ್ಚಿದ್ದರೆ ಅದೇ ಆದೇಶದಿಂದ ತೆರೆಯಬಹುದು. ಲ್ಯಾಪ್‌ಟಾಪಿನ ಅಂಚಿನ ಸ್ವಿಚ್ಚಿನಿಂದ ಮುಚ್ಚಿದ್ದರೆ ಆ ಸ್ವಿಚ್ಚನ್ನೇ ಸರಿಸಬೇಕು.