ದುಡ್ಡು ತಗೊಳ್ಳದ ಫ್ಯಾನ್ ಗೇಮ್‌ಗೂ ಕೇಸ್ ಬೀಳುತ್ತಾ?

ಇಂಜಿನಿಯರಿಂಗ್ ಓದುವಾಗ ನಾನೂ ಹಾಸ್ಟೆಲ್‌ನಲ್ಲಿ ಕೂತು ಒಂದು ಮಾರಿಯೋ ಗೇಮ್ ಕೋಡ್ ಮಾಡಿದ್ದೆ. 'ಫ್ರೀಯಾಗಿ ಕೊಡ್ತೀವಲ್ಲ, ಏನಾಗುತ್ತೆ?' ಅನ್ನೋದು ಆಗ ನಮ್ಮ ವಾದ. ಆ ವಾದ ತಪ್ಪು.

2016ರ ಆಗಸ್ಟ್‌ನಲ್ಲಿ ಎರಡು ಉಚಿತ ಫ್ಯಾನ್ ಗೇಮ್ ಬಂದವು: 'ಪೋಕೆಮಾನ್ ಯುರೇನಿಯಂ' ಮತ್ತು 'ಮೆಟ್ರಾಯ್ಡ್ 2'ರ ರೀಮೇಕ್ 'ಎಎಂ2ಆರ್'. ಯುರೇನಿಯಂ ಹಿಂದೆ 9 ವರ್ಷದ ದುಡಿಮೆ. ಡೌನ್‌ಲೋಡ್ 15 ಲಕ್ಷ ದಾಟಿತ್ತು. ನಿಂಟೆಂಡೊ ನೋಟಿಸ್ ಬಂದದ್ದೇ, ಕೆಲವೇ ದಿನಗಳಲ್ಲಿ ಎರಡರ ಲಿಂಕೂ ಮಾಯ. ಮರುವರ್ಷ ಮೆಟ್ರಾಯ್ಡ್ 2ರ ರೀಮೇಕನ್ನು ನಿಂಟೆಂಡೊನೇ ತಂದಿತು.

ಭಾರತದಲ್ಲಿ? 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 14ರಂತೆ ಕೃತಿಯ ರೂಪಾಂತರದ ಹಕ್ಕು ಮಾಲೀಕರದ್ದು. ಸೆಕ್ಷನ್ 52 ಖಾಸಗಿ ಬಳಕೆ, ವಿಮರ್ಶೆಗೆ ವಿನಾಯಿತಿ ಕೊಡುತ್ತೆ, ಅಭಿಮಾನಕ್ಕಲ್ಲ. ಗೊತ್ತಿದ್ದೂ ಉಲ್ಲಂಘಿಸಿದರೆ ಸೆಕ್ಷನ್ 63ರಡಿ 6 ತಿಂಗಳಿಂದ 3 ವರ್ಷ ಜೈಲು, ₹50 ಸಾವಿರದಿಂದ ₹2 ಲಕ್ಷ ದಂಡ. ವ್ಯಾಪಾರದ ಲಾಭಕ್ಕಲ್ಲದಿದ್ದರೆ ಕೋರ್ಟ್ ಶಿಕ್ಷೆ ಇಳಿಸಬಹುದು, ಆದರೆ ಅಪರಾಧ ಅಳಿಸಿಹೋಗಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಜಾಮೀನುರಹಿತ ಅಪರಾಧ ಎಂದಿತು. ಸಿವಿಲ್ ದಾವೆಯಲ್ಲಿ ಮುಗಿಯಬೇಕಾದ ಜಗಳಕ್ಕೆ ಪೊಲೀಸರು ವಾರಂಟ್ ಇಲ್ಲದೆ ಬರಬಹುದು ಅನ್ನೋದು ನನಗೆ ಅತಿ ಅನಿಸುತ್ತೆ. ಆದರೆ ಕಾನೂನು ಇರೋದೇ ಹಾಗೆ.

ದಾರಿ ಇದೆ. ಐಡಿಯಾಗೆ ಕಾಪಿರೈಟ್ ಇಲ್ಲ. ಜಿಗಿದು ಶತ್ರುವಿನ ತಲೆ ಮೇಲೆ ಬೀಳೋ ಆಟ ಯಾರಪ್ಪನ ಸ್ವತ್ತೂ ಅಲ್ಲ. ಕೆಂಪು ಟೋಪಿಯ ಮಾರಿಯೋ, ಅವನ ಸಂಗೀತ ನಿಂಟೆಂಡೊದ್ದು. ಹೆಸರು ಬಳಸಿದರೆ ಟ್ರೇಡ್‌ಮಾರ್ಕ್ ತಕರಾರು ಬೇರೆ. ಆಟದ ಲಾಜಿಕ್ ಇಟ್ಕೊಳ್ಳಿ. ಪಾತ್ರ, ಹೆಸರು, ಸಂಗೀತ ನಿಮ್ಮದೇ ಮಾಡ್ಕೊಳ್ಳಿ. ಆದರೆ ರಿಲೀಸ್‌ಗೆ ಮುಂಚೆ, ನೋಟಿಸ್ ಬಂದ ಮೇಲಲ್ಲ.